ಮಹಡಿ ಮೇಲಿನ ಸಂಸಾರ

ಮೈಸೂರಿನ ನಮ್ಮ ಗೋಕುಲಂನಲ್ಲಿ ಪರದೇಶದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಬೆಳಗಿನ ಹೊತ್ತು ಎಳನೀರಿನ ಗಾಡಿಯ ಮುಂದೆ ಬೆವರು ಆರಿಸಿಕೊಳ್ಳುತ್ತ ನಿಂತವರಲ್ಲಿ ಅರ್ಧಕ್ಕರ್ಧ ಜನ ಯಾವುದೋ ದೂರದ ದೇಶದವರೇ ಇರುತ್ತಾರೆ. ಗಂಜಿ ಇರುವುದು ಬೇಕೋ ಬರೀ ನೀರು ಸಾಕೋ ಎಂದು ಗಾಡಿಯವನು ಕೇಳುವುದು, ಅವರು ಬೆರಳಲ್ಲೇ ತೋರಿಸುವುದು, ಎಲ್ಲ ರೂಢಿಯಾಗಿ ಹೋಗಿದೆ. ಹಾಗಾಗಿ ನಮ್ಮ ಮಹಡಿ ಮನೆಗೆ ಮೆಕ್ಸಿಕೋದ ಸಂಸಾರವೊಂದು ಬಾಡಿಗೆಗೆ ಬಂದಾಗ ಬೀದಿಯವರೆಲ್ಲ ಕೇಳಿದ್ದು ಒಂದೇ ಮಾತು: "ಯೋಗಕ್ಕೆ ಬಂದಿದಾರಾ?" ಇಲ್ಲ ಕಣ್ರೀ, ಆ ಯಜಮಾನರಿಗೆ ಇಲ್ಲೇ ಕೆಲಸ, ಒಂದೆರಡು ವರ್ಷ ಇರ್ತಾರಂತೆ, ಇಬ್ಬರು ಮಕ್ಕಳು ಅಂದೆ. "ಓ, ಹಾಗಾದ್ರೆ ಸಂಸಾರಸ್ಥರು" ಎಂದು ಪಕ್ಕದ ಮನೆಯವರು ಸಮಾಧಾನದಿಂದ ತಲೆ ಆಡಿಸಿದರು.

ವ್ಯತ್ಯಾಸ ಇದೆ ನೋಡಿ. ಯೋಗಕ್ಕೆ ಬರುವವರು ತಿಂಗಳೋ ಎರಡು ತಿಂಗಳೋ ಇದ್ದು ಹೋಗುತ್ತಾರೆ. ಅವರಿಗೆ ಮಂಚ, ಫ್ರಿಡ್ಜು, ವೈಫೈ ಇರುವ ಕೋಣೆ ಸಿದ್ಧವಾಗಿರುತ್ತದೆ. ಸಂಸಾರಕ್ಕೆ ಹಾಗಲ್ಲ. ಸಂಸಾರಕ್ಕೆ ಗ್ಯಾಸ್ ಸಿಲಿಂಡರ್ ಬೇಕು, ಕುಕ್ಕರಿನ ಗ್ಯಾಸ್ಕೆಟ್ ಬೇಕು, ಮಧ್ಯರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತೆಗೆಯುವ ಔಷಧಿ ಅಂಗಡಿ ಬೇಕು. ಯಾವ ಊರೂ ಇವನ್ನೆಲ್ಲ ಹೊಸಬರಿಗೆ ಸುಲಭವಾಗಿ ಹೇಳಿಕೊಡುವುದಿಲ್ಲ.

ಯೋಗದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಷ್ಟು ಜನ ಪರದೇಶದವರು ಈ ಊರಿಗೆ ಬರಲು ಕಾರಣರಾದ ಯೋಗಗುರು ಪಟ್ಟಾಭಿ ಜೋಯಿಸರೇ ಮೈಸೂರಿನವರಲ್ಲ. ಅವರು ಹಾಸನದ ಹತ್ತಿರದ ಕೌಶಿಕದವರು, 1915ರಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಮನೆ ಬಿಟ್ಟು, ಸಂಸ್ಕೃತ ಓದುವ ಆಸೆಯಿಂದ ಮೈಸೂರಿಗೆ ಬಂದರು. ಜೇಬಿನಲ್ಲಿದ್ದದ್ದು ಎರಡೇ ರೂಪಾಯಿ ಅನ್ನುತ್ತಾರೆ. ಆಗಿನ ಮೈಸೂರಿನಲ್ಲಿ ಓದಲು ಬಂದ ಬಡ ಹುಡುಗರಿಗೆ ವಾರಾನ್ನ ಅಂತ ಒಂದು ಏರ್ಪಾಡಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನಮ್ಮ ತಾತನ ಮನೆಗೆ ಗುರುವಾರ ಬರುತ್ತಿದ್ದ ಹುಡುಗನೊಬ್ಬ ಮುಂದೆ ಮೇಷ್ಟ್ರಾಗಿ, ಮದುವೆ ಕರೆಯೋಲೆ ಕೊಡಲು ಅದೇ ಗುರುವಾರವೇ ಬಂದಿದ್ದರಂತೆ. ಎಷ್ಟೊಂದು ಮನೆಗಳ ಊಟ ಉಂಡು ಈ ಊರಿನವರಾದವರು ಅವರೆಲ್ಲ! ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ಪಾಠ ಹೇಳುತ್ತಿದ್ದಾಗ, 1964ರಲ್ಲಿ ಬೆಲ್ಜಿಯಂನಿಂದ ಆಂದ್ರೆ ವಾನ್ ಲೀಸ್‌ಬೆತ್ ಎಂಬುವರು ಹುಡುಕಿಕೊಂಡು ಬಂದರು. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಬಂದರು. ಆಮೇಲೆ ಅವರ ಯೋಗಶಾಲೆ ಗೋಕುಲಂಗೆ ಬಂತು, ಬಾಡಿಗೆಯೂ ಏರಿತು.

ಆ ಬಾಡಿಗೆ ವಿಷಯ ನನಗೆ ಇಷ್ಟವಿಲ್ಲ. ಪರದೇಶದವರು ಎಂದ ತಕ್ಷಣ ಮನೆಗೆ ಒಂದು ಬೆಲೆ, ಆಟೋಗೆ ಒಂದು ಬೆಲೆ, ಬಾಳೆಹಣ್ಣಿಗೂ ಬೇರೆ ಬೆಲೆ. ನಮ್ಮ ಮಕ್ಕಳು ದೂರದ ದೇಶಕ್ಕೆ ಹೋದಾಗ ಅಲ್ಲಿನವರು ಹೀಗೆ ಮಾಡಿದರೆ ಫೋನಿನಲ್ಲಿ ಕೇಳಿ ಎಷ್ಟು ಸಂಕಟಪಡುತ್ತೇವೆ! ನಮ್ಮ ಯಜಮಾನರು ಮೊದಲ ದಿನವೇ ಹೇಳಿದರು: ಹಿಂದಿನವರು ಕೊಡುತ್ತಿದ್ದಷ್ಟೇ ಇವರೂ ಕೊಡಲಿ. ಆಮೇಲೆ ಫಾರಂ ಸಿ ತುಂಬಲು ಕೂತರು. ಪರದೇಶದವರು ಮನೆಗೆ ಬಂದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮನೆಯವರು ತಿಳಿಸಬೇಕಲ್ಲವೇ, ಆ ಫಾರಂ. ಪಾಸ್‌ಪೋರ್ಟಿನ ಉದ್ದುದ್ದ ಹೆಸರುಗಳನ್ನು ಒಂದೊಂದೇ ಅಕ್ಷರ ಓದಿ ಹೇಳಿದವಳು ಆ ಮನೆಯ ಏಳು ವರ್ಷದ ಮಗಳು. ತಂದೆಯ ಮನೆತನದ ಹೆಸರು ಒಂದು, ತಾಯಿಯದು ಇನ್ನೊಂದು, ಎರಡನ್ನೂ ಹೊತ್ತುಕೊಂಡು ಬಂದಿತ್ತು ಮಗು.

ಮೊದಲ ವಾರಗಳಲ್ಲಿ ಆಕೆ, ಅಂದರೆ ಮಕ್ಕಳ ತಾಯಿ, ಗೇಟಿನ ಒಳಗೇ ಇರುತ್ತಿದ್ದಳು. ಬೆಳಿಗ್ಗೆ ಪೌರಕಾರ್ಮಿಕರು ಸೀಟಿ ಊದಿಕೊಂಡು ಕಸದ ಗಾಡಿ ತಳ್ಳಿಕೊಂಡು ಬಂದರೆ ಏನೋ ಗಲಾಟೆ ಎಂದು ಕಿಟಕಿಯಿಂದ ಇಣುಕುತ್ತಿದ್ದಳು. ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಎಂದು ತೋರಿಸಿಕೊಟ್ಟೆ. ಮೈಸೂರು 2015, 2016ರಲ್ಲಿ ದೇಶಕ್ಕೇ ಮೊದಲ ಸ್ವಚ್ಛ ನಗರ ಅನ್ನಿಸಿಕೊಂಡದ್ದು ಹೀಗೆ ಬೆಳಿಗ್ಗೆ ಬರುವ ಈ ಹೆಂಗಸರಿಂದಲೇ ಎಂದೂ ಹೇಳಿದೆ. ಈಗ ಅವರೊಡನೆ ನನಗಿಂತ ಅವಳದೇ ಸ್ನೇಹ ಜಾಸ್ತಿ.

ಅವಳು ಗೇಟು ದಾಟಿದ್ದು ಮಾತ್ರ ಸೀಮೆಬದನೆಯಿಂದ. ತರಕಾರಿ ಗಾಡಿಯಲ್ಲಿ ಸೊಪ್ಪಿನ ಪಕ್ಕ ನಾಲ್ಕು ಸೀಮೆಬದನೆಕಾಯಿ ಇದ್ದವು. ಮಹಡಿಯಿಂದ ನೋಡಿದವಳು ದಡದಡ ಇಳಿದು ಬಂದು, ಒಂದನ್ನು ಎತ್ತಿ ಎದೆಗೆ ಒತ್ತಿಕೊಂಡು "ಚಯೋತೆ! ಚಯೋತೆ!" ಎಂದಳು. ಗಾಡಿಯ ಸಾಕಮ್ಮ ಹೆದರಿ, "ಕೆಟ್ಟೋಗಿದ್ಯಾ ತಾಯಿ?" ಅಂದಳು. ಕೆಟ್ಟಿರಲಿಲ್ಲ. ಅದು ಅವಳ ಊರಿನ ತರಕಾರಿ. ಮೆಕ್ಸಿಕೋ ಕಡೆಯಿಂದಲೇ ಅಲ್ಲವೇ ಅದು ಲೋಕಕ್ಕೆಲ್ಲ ಹರಡಿದ್ದು. ನಾವು ಕಡಲೆಬೇಳೆ ಹಾಕಿ ಪಲ್ಯ ಮಾಡುತ್ತೇವೆ, ಕೂಟಿಗೆ ಹಾಕುತ್ತೇವೆ. ಅವಳು ಬರೀ ಉಪ್ಪುನೀರಿನಲ್ಲಿ ಬೇಯಿಸಿ ಮಕ್ಕಳಿಗೆ ಕೊಟ್ಟಳು.

ಆಮೇಲೆ ಶುರುವಾಯಿತು ನೋಡಿ. ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋದರೆ ಅಂಗಡಿ ಅಂಗಡಿಯಲ್ಲೂ ನೆಂಟರು. ಸಪೋಟ, ಸೀಬೆಹಣ್ಣು, ಪರಂಗಿ, ಟೊಮೇಟೊ, ಎಲ್ಲ ಅವಳ ಸೀಮೆಯವೇ. ಮೆಣಸಿನಕಾಯಿಯ ರಾಶಿಯ ಮುಂದೆ ನಿಂತು ಬ್ಯಾಡಗಿಯ ಬಣ್ಣ ನೋಡಿ ಬಿಡಲೊಲ್ಲಳು. ನಮ್ಮ ಸಾರಿಗೆ ಬಣ್ಣ, ಖಾರ, ಹುಳಿ ಕೊಡುವ ಟೊಮೇಟೊ, ಮೆಣಸಿನಕಾಯಿ, ಹುಣಸೆ ಮೂರರಲ್ಲಿ ಎರಡು ಹಡಗು ಹತ್ತಿ ಬಂದವು. ಹುಣಸೆ ಮಾತ್ರ ಅವಳಲ್ಲಿಗೆ ಈ ಕಡೆಯಿಂದ ಹೋದದ್ದು. ಆ ಹುಣಸೆಯಲ್ಲಿ ಪಾನಕ ಮಾಡಿ ಕುಡಿಯುತ್ತಾರಂತೆ! ಈ ಮೈಸೂರಿಗೆ ಎಷ್ಟು ಗಿಡಗಳು ಎಲ್ಲಿಂದೆಲ್ಲಿಂದಲೋ ಬಂದು ಬೇರು ಬಿಟ್ಟಿವೆ, ಆದರೂ ನಮ್ಮ ನಂಜನಗೂಡು ರಸಬಾಳೆ ಆ ನೆಲ ಬಿಟ್ಟು ಬೇರೆಲ್ಲೂ ಆ ರುಚಿಗೆ ಬರುವುದಿಲ್ಲ. ಒಗ್ಗುವುದು ಎಲ್ಲಕ್ಕೂ ಒಂದೇ ಥರ ಅಲ್ಲ. ಅವಳಿಗೂ ಇಂಗು ಒಗ್ಗಿಲ್ಲ. ಡಬ್ಬಿ ಮುಚ್ಚಳ ತೆಗೆದರೆ ಇವತ್ತಿಗೂ ಎದ್ದು ಹೊರಗೆ ಹೋಗುತ್ತಾಳೆ. ಅವಳ ಗಂಡನಿಗೆ ಹಾರನ್ ಸದ್ದು ಒಗ್ಗಿಲ್ಲ. ಒಗ್ಗುವುದೂ ಬೇಡ ಬಿಡಿ, ಅದು ನಮಗೇ ಒಗ್ಗಬಾರದಿತ್ತು.

ಸುಣ್ಣದ ಕಥೆ ಹೇಳಲೇಬೇಕು. ಒಂದು ದಿನ ಬಂದು, ಫೋನಿನಲ್ಲಿ ಚಿತ್ರ ತೋರಿಸಿ, ಸುಣ್ಣ ಬೇಕು ಅಂದಳು. ಎಲೆ ಅಡಿಕೆ ಅಂಗಡಿಗೆ ಹೋದೆವು. ಅಂಗಡಿಯವರು ಸಣ್ಣ ಡಬ್ಬಿಯೊಂದನ್ನು ಮುಂದಿಟ್ಟರು. ಸಾಲದು, ಅರ್ಧ ಕೇಜಿ ಬೇಕು. "ಇಷ್ಟೊಂದು ಸುಣ್ಣಕ್ಕೆ ಎಷ್ಟು ಎಲೆ ತಿಂತಾರಮ್ಮ ಇವರು?" ಎಂದು ಅವರು ನನ್ನನ್ನು ಕೇಳಿದರು. ಅದು ಎಲೆಗಲ್ಲ, ಜೋಳಕ್ಕೆ. ಒಣಗಿದ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಎರಡು ಅಂಗೈ ನಡುವೆ ಉಜ್ಜಿದರೆ ಸಿಪ್ಪೆ ಜಾರಿಕೊಂಡು ಬರುತ್ತದೆ. ಐದಾರು ಸಲ ತೊಳೆದು ರುಬ್ಬಬೇಕು. ಹಾಗೆ ಮಾಡಿದರೆ ಮಾತ್ರ ಹಿಟ್ಟು ಅಂಟುತ್ತದೆ, ಇಲ್ಲವಾದರೆ ರೊಟ್ಟಿ ಒಡೆದುಹೋಗುತ್ತದೆ. ಸುಣ್ಣ ಹಾಕದೆ ಬರೀ ಜೋಳವನ್ನೇ ನಂಬಿಕೊಂಡ ಯುರೋಪಿನ ಬಡವರಿಗೆ ಪೆಲಾಗ್ರ ಎಂಬ ಕಾಯಿಲೆ ಬಂತಂತೆ. ಕಾಳು ಕೊಂಡುಹೋದವರು ಅದನ್ನು ಬೇಯಿಸುವ ಅಜ್ಜಿಯರ ಬುದ್ಧಿಯನ್ನು ಕೊಂಡುಹೋಗಲಿಲ್ಲ. ನಮ್ಮ ಗ್ರೈಂಡರಿಗೆ ಹಾಕಿದರೆ ನುಣ್ಣಗಾಗಲಿಲ್ಲ ಎಂದು ಹಿತ್ತಲಲ್ಲಿದ್ದ ಒರಳು ತೊಳೆದು ಕೊಟ್ಟೆ. ಅವಳ ಅಜ್ಜಿಯ ಕಲ್ಲು ಚಪ್ಪಟೆಯಂತೆ, ಮಂಡಿಯೂರಿ ಅರೆಯುವುದಂತೆ. ಆದರೂ ಕೂತಳು, ರುಬ್ಬಿದಳು. ನನ್ನ ಕಾವಲಿಯ ಮೇಲೆ ಬೆಂದ ಆ ರೊಟ್ಟಿ ಉಬ್ಬಿದಾಗ ಅವಳ ಮಗ ಚಪ್ಪಾಳೆ ತಟ್ಟಿದ. ನಾವು ಅದಕ್ಕೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಂಡು ತಿಂದೆವು, ಚೆನ್ನಾಗಿತ್ತು.

ಆ ಜೋಳ ಎಲ್ಲಿಯದು ಗೊತ್ತೇ? ಬೈಲಕುಪ್ಪೆ ಕಡೆಯದು. ಅದನ್ನು ಕೇಳಿದ ಮೇಲೆ ನನಗೆ ಮನಸ್ಸು ತಡೆಯಲಿಲ್ಲ, ಒಂದು ಭಾನುವಾರ ಎಲ್ಲರೂ ಕಾರಿನಲ್ಲಿ ಹೊರಟೆವು. ಹುಣಸೂರು, ಪಿರಿಯಾಪಟ್ಟಣ ದಾಟಿ ಹೋದರೆ ಸಿಗುವ ಆ ಊರು ಟಿಬೆಟಿನವರದು. 1959ರಲ್ಲಿ ದೇಶ ಬಿಟ್ಟು ಬಂದವರಿಗೆ ಆಗಿನ ಮೈಸೂರು ಸರ್ಕಾರ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿ ಕೊಟ್ಟಿತು. 1961ರಲ್ಲಿ ಮೊದಲ ನೆಲೆ ಆಯಿತು. ಬಾರ್ಲಿ ಹಿಟ್ಟು ತಿಂದು, ಹಿಮದ ಗಾಳಿಯಲ್ಲಿ ಯಾಕ್ ಸಾಕಿಕೊಂಡಿದ್ದವರು ಇಲ್ಲಿನ ಸೆಖೆಯಲ್ಲಿ ಮರ ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆದರು. ಮೆಕ್ಸಿಕೋದ ಕಾಳು, ಟಿಬೆಟಿನ ಕೈ, ನಮ್ಮ ಮಣ್ಣು. ಎಲ್ಲರೂ 1999ರಲ್ಲಿ ಆದ ಚಿನ್ನದ ದೇವಸ್ಥಾನ ನೋಡಲು ಹೋಗುತ್ತಾರೆ, ನಾವೂ ನೋಡಿದೆವು. ನನಗೆ ನೆನಪಿರುವುದು ಅಂಗಡಿಯೊಂದರಲ್ಲಿ ಕೂತಿದ್ದ ಮುದುಕಮ್ಮ. ನಾನು ಇಂಗ್ಲಿಷಿನಲ್ಲಿ ಬೆಲೆ ಕೇಳಿದರೆ ಆಕೆ "ಯಾಕ್ರೀ, ಕನ್ನಡ ಬರಲ್ವಾ?" ಎಂದರು. ಎಷ್ಟು ವರ್ಷ ಆಯ್ತಮ್ಮ ಬಂದು ಎಂದು ಕೇಳಿದೆ. "ಅಪ್ಪನ ಹೆಗಲ ಮೇಲೆ ಬಂದೆ" ಅಂದರು.

ನಮ್ಮ ಮಹಡಿ ಸಂಸಾರದ ಸಂಕಟಕ್ಕೂ ಅವರ ಸಂಕಟಕ್ಕೂ ಹೋಲಿಕೆ ಮಾಡಬಾರದು. ಒಬ್ಬರ ಕೈಯಲ್ಲಿ ವಾಪಸು ಹೋಗುವ ಟಿಕೆಟ್ಟಿದೆ, ಇನ್ನೊಬ್ಬರಿಗೆ ಹೋಗಲು ಮನೆಯೇ ಇಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು ಹಿತಕಿದ ಅವರೆಯ ಪ್ಯಾಕೆಟ್ಟಿನಲ್ಲಿ ಸೊಗಡಿಲ್ಲ ಎಂದು ಗೋಳಾಡುತ್ತಾಳೆ. ಅದೂ ನಿಜವಾದ ಗೋಳೇ. ಆದರೆ ಬೈಲಕುಪ್ಪೆಯ ಆ ಅಮ್ಮನನ್ನು ಕಂಡ ಮೇಲೆ ಅವಳಿಗೆ ನಾನು, ಅವರೆಕಾಯಿ ಕಾಲಕ್ಕೆ ಬಂದು ತಿಂದು ಹೋಗು ಮಾರಾಯ್ತಿ, ನಿನಗೆ ಬರುವ ದಾರಿ ತೆರೆದೇ ಇದೆ ಎಂದು ಹೇಳುತ್ತೇನೆ.

ದಸರಾಕ್ಕೆ ಬೊಂಬೆ ಕೂರಿಸುವಾಗ ಮಹಡಿಯ ಹುಡುಗಿ ಇಳಿದು ಬಂದಳು. ಪಟ್ಟದ ಬೊಂಬೆಗೆ ಸೀರೆ ಉಡಿಸುವುದನ್ನು ಕಣ್ಣರಳಿಸಿ ನೋಡಿ, ಮೇಲೆ ಓಡಿಹೋಗಿ ಮರದ ಪುಟ್ಟ ಪ್ರಾಣಿಯೊಂದನ್ನು ತಂದಳು. ಮೊಲದ ಕಿವಿ, ಹಾವಿನ ಬಾಲ, ಮೈತುಂಬ ಚುಕ್ಕಿ. ಅವರ ದೇಶದ ವಹಾಕದ ಕಡೆ ಕೆತ್ತಿ ಬಣ್ಣ ಹಚ್ಚುವ ಆಟಿಕೆಯಂತೆ. ಚನ್ನಪಟ್ಟಣದ ಬೊಂಬೆಗಳ ಪಕ್ಕ ಇಟ್ಟೆವು. ಆರತಿಗೆ ಬಂದ ಹೆಂಗಸರೆಲ್ಲ ಅದನ್ನೇ ಕೇಳಿದ್ದು.

ಅದಾಗಿ ಕೆಲವೇ ವಾರದಲ್ಲಿ ಹುಡುಗಿಯ ತಾಯಿಯ ಅಜ್ಜಿ, ಚಪ್ಪಟೆ ಕಲ್ಲಿನ ಆ ಅಜ್ಜಿ, ತೀರಿಕೊಂಡರೆಂದು ಸುದ್ದಿ ಬಂತು. ಅಲ್ಲಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಇಲ್ಲಿ ಬೆಳಗಾಗುವಾಗ ಅಲ್ಲಿ ಹಿಂದಿನ ಸಂಜೆ. ವಿಮಾನ ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮುಗಿದಿರುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ, ಬಿಸಿ ಅನ್ನ, ಸಾರು ಒಯ್ದೆ. ಇಂಗಿಲ್ಲದ ಸಾರು. ನವೆಂಬರ್ ಮೊದಲಲ್ಲಿ ಅವರು ತೀರಿಕೊಂಡವರಿಗೆ ಎಡೆ ಇಡುತ್ತಾರಂತೆ, ನಾವು ಮಹಾಲಯದಲ್ಲಿ ಇಡುವಂತೆ. ಮೆಟ್ಟಿಲು ಮಾಡಿ, ಚೆಂಡು ಹೂ ಸುರಿದು, ಸತ್ತವರಿಗೆ ಇಷ್ಟವಾದ ತಿಂಡಿ ಇಡುವುದು. ನಮ್ಮ ಬೊಂಬೆ ಮೆಟ್ಟಿಲನ್ನೇ ಮೇಲೆ ಸಾಗಿಸಿದೆವು. ಚೆಂಡು ಹೂವೂ ಅವಳ ನಾಡಿನದೇ ಅಂತೆ, ನಾನು ನಮ್ಮದೇ ಎಂದುಕೊಂಡಿದ್ದೆ. ಸಾಕಮ್ಮ ಗಾಡಿ ಗೇಟಿನ ಹೊರಗೆ ನಿಲ್ಲಿಸಿ, ಚಪ್ಪಲಿ ಕೆಳಗೆ ಬಿಟ್ಟು ಮಹಡಿ ಹತ್ತಿ, ಒಂದು ಸೀಮೆಬದನೆಕಾಯಿ ಎಡೆಯ ಮುಂದಿಟ್ಟು ಕೈಮುಗಿದಳು. "ನಂಗೂ ಅಜ್ಜಿ ಇದ್ಳು ಕಣವ್ವ" ಎಂದಳು. ಅವಳಿಗೆ ಸ್ಪ್ಯಾನಿಷ್ ಬರದು, ಇವಳಿಗೆ ಕನ್ನಡ ಅಷ್ಟಕ್ಕಷ್ಟೆ, ಇಬ್ಬರೂ ಬಹಳ ಹೊತ್ತು ಮಾತಾಡಿದರು.

ಈಗ ಹುಡುಗಿಗೆ ಶಾಲೆಯಲ್ಲಿ ಕನ್ನಡವೂ ಇದೆ. ಸಂಜೆ ಸ್ಲೇಟು ಹಿಡಿದು ನಮ್ಮ ಜಗಲಿಗೆ ಬರುತ್ತಾಳೆ. ಕಾಗುಣಿತ ಮುಗಿಯಿತು, ಒತ್ತಕ್ಷರಕ್ಕೆ ಬಂದಿದ್ದೇವೆ. 'ಅಕ್ಕಿ' ಬರೆದಳು, 'ಅಜ್ಜಿ' ಬರೆದಳು. ನಿನ್ನೆ 'ಸುಣ್ಣ' ಬರೆಯಲು ಹೋಗಿ ಣ ಕೆಳಗೆ ಇನ್ನೊಂದು ಣ ಹೇಗೆ ಕೂರುತ್ತದೆ ಎಂದು ಹಟ ಹಿಡಿದು ಸ್ಲೇಟು ಮೂರು ಸಲ ಒರೆಸಿದಳು. ಇವತ್ತು ಇನ್ನೂ ಬಂದಿಲ್ಲ, ಶಾಲೆಯ ವ್ಯಾನು ತಡ. ವಾರಾಂತ್ಯಕ್ಕೆ ಜೋಳ ನೆನೆಸಬೇಕು, ಅಂಗಡಿಯವರಿಗೆ ಸುಣ್ಣ ತೆಗೆದಿಡಲು ಹೇಳಿದ್ದೇನೆ.