ಗಿಣ್ಣಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಹಾಸನದ ಕಡೆಯ ಹಳ್ಳಿಯ ಹುಡುಗಿ. ನರ್ಸಿಂಗ್ ಓದಿ, ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿಯುವ ಆಸೆಯಿಂದ ಐಇಎಲ್‌ಟಿಎಸ್ ಪರೀಕ್ಷೆಗೆ ಕುಳಿತಳು. ಆಲಿಸುವುದು, ಓದುವುದು, ಬರೆಯುವುದು ಮೂರರಲ್ಲೂ ಬೇಕಾದಷ್ಟು ಅಂಕ ಬಂತು. ಮಾತಿನಲ್ಲಿ ಮಾತ್ರ 9ಕ್ಕೆ 6. ಅಲ್ಲಿನ ನರ್ಸಿಂಗ್ ಮಂಡಳಿ ಕೇಳುವುದು 7. ತಾಯಿ ಡೇರಿಗೆ ಹಾಲು ಹಾಕಿ ಕೂಡಿಟ್ಟ ಸಾವಿರಾರು ರೂಪಾಯಿ ಶುಲ್ಕಕ್ಕೇ ಹೋಗಿತ್ತು. ಇನ್ನೊಮ್ಮೆ ಕಟ್ಟುವುದೆಂದರೆ ಮನೆಯಲ್ಲಿ ಎಲ್ಲರೂ ಯೋಚಿಸುವಂತಾಯಿತು.

ಪಾಠ ಹೇಳಲು ಒಪ್ಪಿದವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಹುಡುಗಿಯ ನೋಟ್‌ಬುಕ್ಕಿನ ತುಂಬ ಮಾದರಿ ಉತ್ತರಗಳು. ನಿನ್ನ ಊರಿನ ಬಗ್ಗೆ ಹೇಳು ಎಂದರೆ, ಯಾವುದೋ ಸಮುದ್ರತೀರದ ನಗರವನ್ನು ಗಡಗಡನೆ ಒಪ್ಪಿಸಿದಳು.

‘ಇದು ಯಾವ ಊರಮ್ಮ?’

‘ಗೈಡಿನಲ್ಲಿತ್ತು ಸಾರ್.’

ಮೇಷ್ಟ್ರು ನೋಟ್‌ಬುಕ್ ಮುಚ್ಚಿಟ್ಟರು. ಈ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು. ಸರಾಗತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರ ಈ ನಾಲ್ಕಕ್ಕೂ ಸಮಾನ ತೂಕ. ಇಂಗ್ಲೆಂಡಿನವರಂತೆ ರಾಗ ಎಳೆಯಬೇಕಾಗಿಲ್ಲ. ಕೇಳುವವರಿಗೆ ಸ್ಪಷ್ಟವಾಗಿ ತಿಳಿದರೆ ಸಾಕು. ಉರು ಹೊಡೆದದ್ದನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ. ‘ಯಾಕೆ?’ ಎಂಬ ಒಂದೇ ಮರುಪ್ರಶ್ನೆಗೆ ಕಂಠಪಾಠ ಕೈಕೊಡುತ್ತದೆ.

ಅಂದಿನಿಂದ ದಿನಕ್ಕೊಂದು ವಿಷಯ. ಪರೀಕ್ಷೆಯಲ್ಲಿರುವಂತೆಯೇ ಒಂದು ನಿಮಿಷ ಯೋಚನೆ, ಎರಡು ನಿಮಿಷ ಮಾತು. ಮೊದಲ ರಾತ್ರಿಪಾಳಿ, ಊರ ಜಾತ್ರೆ, ಮನೆಯ ಹಸು. ನಡುವೆ ತಪ್ಪಾದರೂ ಮೇಷ್ಟ್ರು ತಡೆಯುತ್ತಿರಲಿಲ್ಲ. ಕೊನೆಯಲ್ಲಿ ಎರಡೇ ಎರಡು ತಪ್ಪು ತಿದ್ದಿ, ಅದನ್ನೇ ಮತ್ತೊಮ್ಮೆ ಹೇಳಿಸುತ್ತಿದ್ದರು.

ಹಸುವಿನ ಮಾತು ಬಂದ ದಿನ ಹುಡುಗಿ ಗಿಣ್ಣಿನ ಹತ್ತಿರ ನಿಂತಳು. ಅದಕ್ಕೆ ಇಂಗ್ಲಿಷ್ ಪದ ಏನೆಂದು ಮುಖ ನೋಡಿದಳು. ಮೇಷ್ಟ್ರು ಬಾಯಿ ಬಿಡಲಿಲ್ಲ. ಸ್ವಲ್ಪ ತಡೆದು ಅವಳೇ ಹೇಳಿದಳು: ಕರು ಹಾಕಿದ ಮೇಲೆ ಕರೆಯುವ ಮೊದಲ ಹಾಲಿಗೆ ಬೆಲ್ಲ ಹಾಕಿ ಬೇಯಿಸುತ್ತೇವೆ, ಮೆತ್ತಗೆ ಗಟ್ಟಿಯಾಗುತ್ತದೆ, ನೆರೆಮನೆಗೂ ಕೊಡುತ್ತೇವೆ. ಎಲ್ಲವೂ ಇಂಗ್ಲಿಷಿನಲ್ಲಿ, ಪುಟ್ಟ ಪುಟ್ಟ ವಾಕ್ಯಗಳಲ್ಲಿ. ಪದ ಸಿಗದಾಗ ಸುತ್ತಿ ಬಳಸಿ ಅರ್ಥ ತಿಳಿಸುವ ಈ ಜಾಣ್ಮೆಗೂ ಪರೀಕ್ಷೆಯಲ್ಲಿ ಬೆಲೆಯಿದೆ.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಮಾತಿಗೆ 7 ಬಂತು.

ದುಬಾರಿ ಗೈಡು ಕೊಡಿಸುವ ತಂದೆತಾಯಂದಿರು ಇಷ್ಟನ್ನು ಗಮನಿಸಬಹುದು. ಮಕ್ಕಳು ತಡವರಿಸುವಾಗ ಪದ ಎತ್ತಿಕೊಡುವುದು ಸುಲಭ. ಸುಮ್ಮನೆ ಕಾಯುವುದು ಕಷ್ಟ. ನಾಳೆ ವಾರ್ಡಿನಲ್ಲಿ ರೋಗಿ ನೋವೆಂದು ನರಳಿದಾಗ ಪದ ಎತ್ತಿಕೊಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.