ಅಮ್ಮ ಕಾಲಿಡುವ ತಗಡು

ಚಿನ್ನ ಕೊಳ್ಳಲು ಹೊರಟವರಿಗೆ ಸಲಹೆ ಕೊಡಲು ಊರಿಗೆ ಊರೇ ಸಿದ್ಧವಾಗಿರುತ್ತದೆ. ಕಬ್ಬಿಣದ ತಗಡು ಕೊಳ್ಳಲು ಹೊರಟವನ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಚಿನ್ನದಲ್ಲಿ ಮೋಸಹೋದರೆ ಹಣ ಹೋಗುತ್ತದೆ, ಅಷ್ಟೆ. ತಗಡಿನಲ್ಲಿ ಮೋಸಹೋದರೆ ಕಾಲೇ ಹೋದೀತು. ಆ ಕಾಲು 72 ವರ್ಷದ ತಾಯಿಯದಾದರಂತೂ ಮನೆಗೆ ಬಂದು ಮುಖ ತೋರಿಸುವ ಹಾಗಿಲ್ಲ.

ನಮ್ಮ ಮನೆಯಲ್ಲಿರುವುದು ಒಂದು ಹಳೆಯ ಯೆಜ್ದಿ. ಮೈಸೂರಿನವರಿಗೆ ಈ ಗಾಡಿಯ ಮೇಲೆ ನೆಂಟಸ್ತಿಕೆಯಂಥ ಪ್ರೀತಿ. 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಎಂಬ ಹೆಸರಿನಲ್ಲಿ ಹೊರಬರತೊಡಗಿ, ಆಮೇಲೆ ಯೆಜ್ದಿಯಾಗಿ, 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ಅದು ನಮ್ಮೂರಿನದೇ ಕೂಸು. ಅಮ್ಮ ಪ್ರತಿ ಹುಣ್ಣಿಮೆಗೆ ಇದರ ಹಿಂದೆ ಕೂತು ನಂಜನಗೂಡಿಗೆ ಬರುತ್ತಾಳೆ. ಸೀರೆ ಉಟ್ಟವರು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವುದರಿಂದ ಎಡಗಡೆ ಎರಡೂ ಪಾದ ಊರುವಂಥ ಒಂದು ಹಲಗೆ ಬೇಕು. ಹಿಂದೆ ಕೂರುವವರಿಗೆ ಹಿಡಿಯಲು ಹಿಡಿಕೆ, ಕಾಲೂರಲು ಆಸರೆ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಮ್ಮನಿಗೆ ಆ ಹಲಗೆ ಬರೀ ಆಸರೆಯಲ್ಲ, ಮೆಟ್ಟಿಲು ಕೂಡ. ಮಂಡಿನೋವಿನಿಂದಾಗಿ ಅದರ ಮೇಲೆ ಒಂಟಿಕಾಲಲ್ಲಿ ನಿಂತೇ ಸೀಟು ಹತ್ತುತ್ತಾಳೆ. ಆ ಒಂದು ಗಳಿಗೆ ಅವಳ 60 ಕಿಲೋ ಭಾರವೂ ಅದರ ಮೇಲೆಯೇ.

ಒಂದು ಭಾನುವಾರ ಗಾಡಿ ತೊಳೆಯುತ್ತಿದ್ದಾಗ, ಅಂಗಡಿಯಿಂದ ತಂದು ಹಾಕಿದ್ದ ಹಲಗೆಯ ತೋಳಿನಲ್ಲಿ, ಬೆಸುಗೆಯ ಪಕ್ಕದಲ್ಲೇ, ಕೂದಲೆಳೆಯಂಥ ಬಿರುಕು ಕಂಡಿತು. ಬೇರೆ ಅಂಗಡಿಗಳಲ್ಲಿ ಸಿಕ್ಕ ಹಲಗೆಗಳು ನಮ್ಮ ಗಾಡಿಯ ತೂತುಗಳಿಗೆ ಹೊಂದಲಿಲ್ಲ. ಸರಿ, ನಾನೇ ಮಾಡುವುದೆಂದು ರಟ್ಟಿನಲ್ಲಿ ಮಾದರಿ ಕತ್ತರಿಸಿಕೊಂಡು ಗುಜರಿ ಅಂಗಡಿಗೆ ಹೋದೆ.

ಗುಜರಿಯವನು ಲಾರಿಯ ಸ್ಪ್ರಿಂಗ್ ಪಟ್ಟಿಯೊಂದನ್ನು ಎಳೆದು ಹಾಕಿ, "ಇದು ತಗೊಳ್ಳಿ ಸಾರ್, ಆನೆ ನಿಂತ್ರೂ ಬಗ್ಗಲ್ಲ" ಎಂದ. ಬಗ್ಗದಿರುವುದೇ ನನಗೆ ಬೇಡವಾಗಿತ್ತು. ಆ ಪಟ್ಟಿಯಲ್ಲಿ ಇಂಗಾಲ ಹೆಚ್ಚು. ಬೆಸುಗೆ ಹಾಕಿ ತಣಿದರೆ ಪಕ್ಕದ ಭಾಗ ಗಾಜಿನ ಹಾಗೆ ಪೆಡಸಾಗುತ್ತದೆ. ಬಗ್ಗದೆ ಇದ್ದು ಇದ್ದು, ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ.

ಅಲ್ಯೂಮಿನಿಯಂ ಹಗುರ, ಉಕ್ಕಿನ ಮೂರರಲ್ಲೊಂದು ಪಾಲು ತೂಕ. ಬಿಗಿಯೂ ಸುಮಾರು ಮೂರರಲ್ಲೊಂದು ಪಾಲೇ. ಅದಕ್ಕಿಂತ ದೊಡ್ಡ ತೊಡಕು ಅದುರಾಟದ್ದು. ಯೆಜ್ದಿಯದು ಎರಡು ಸ್ಟ್ರೋಕಿನ ಎಂಜಿನ್, ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 4000 ಸುತ್ತು ಎಂದಿಟ್ಟುಕೊಂಡರೂ ಅರ್ಧ ಗಂಟೆಯ ದಾರಿಗೆ 1,20,000 ಸಲ ಅದುರಿತು. ಒಂದು ಮಿತಿಯೊಳಗಿನ ಅದುರಾಟ ಎಷ್ಟು ಬಂದರೂ ಸಾದಾ ಉಕ್ಕು ದಣಿಯುವುದಿಲ್ಲ. ಅಲ್ಯೂಮಿನಿಯಂ ಹಾಗಲ್ಲ, ಸಣ್ಣಪುಟ್ಟದ್ದನ್ನೂ ಲೆಕ್ಕ ಇಟ್ಟುಕೊಂಡು ಎಂದೋ ಒಂದು ದಿನ ತೀರಿಸಿಕೊಳ್ಳುತ್ತದೆ, ನಮ್ಮ ಕೆಲವು ನೆಂಟರ ಹಾಗೆ.

ಸತುವಿನ ಲೇಪದ ಜಿ.ಐ. ತಗಡು ತುಕ್ಕಿಗೆ ಜಗ್ಗದು, ನಿಜ. ಆದರೆ ಬೆಸುಗೆ ಹಾಕುವಾಗ ಏಳುವ ಅದರ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ನನ್ನ ತಾಯಿಯ ಕಾಲಿಗಾಗಿ ಇನ್ನೊಬ್ಬ ತಾಯಿಯ ಮಗ ಮಲಗುವುದು ಬೇಡ. ಪಕ್ಕದ ಮನೆಯ ರಾಯರು "ಸ್ಟೀಲಿನಲ್ಲಿ ಮಾಡಿಸಿ, ಪಾತ್ರೆ ಹೊಳೆದ ಹಾಗೆ ಹೊಳೆಯುತ್ತೆ" ಎಂದರು. ಸ್ಟೇನ್‌ಲೆಸ್ ಸ್ಟೀಲು ಕೆಟ್ಟದ್ದೇನಲ್ಲ. ಆದರೆ ಬೆಲೆ ಹೆಚ್ಚು, ತೂತು ಕೊರೆಯುವಾಗ ಇನ್ನಷ್ಟು ಗಟ್ಟಿಯಾಗುತ್ತ ಹೋಗುತ್ತದೆ, ಬೆಸುಗೆಯ ಕಾವಿಗೆ ಸೊಟ್ಟಗಾಗುತ್ತದೆ. ದಾರಿಯಲ್ಲಿ ಕೈಕೊಟ್ಟರೆ ಸಣ್ಣ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ತಕ್ಕ ಕಡ್ಡಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೊನೆಗೆ ಉಳಿದದ್ದು ಎಲ್ಲರೂ ಎಂ.ಎಸ್. ಎಂದು ಕರೆಯುವ ಮೆದು ಉಕ್ಕು. ಅದು ಬಡವರ ಲೋಹ. ತುಕ್ಕು ಹಿಡಿಯುತ್ತದೆ, ಹೊಳೆಯುವುದಿಲ್ಲ. ಆದರೆ ಭಾರ ಮಿತಿ ಮೀರಿದರೆ ಮೊದಲು ಬಗ್ಗುತ್ತದೆ. ಬಗ್ಗಿದ್ದು ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ಸರಿಮಾಡಬಹುದು. ತಾಳಿದವನು ಬಾಳಿಯಾನು ಎನ್ನುತ್ತಾರೆ. ತಗಡಿನ ಮಟ್ಟಿಗೆ ಬಗ್ಗಿದ್ದೂ ಬಾಳೀತು.

ಇನ್ನು ದಪ್ಪ. ಗೇಜಿನ ಲೆಕ್ಕ ತಲೆಕೆಳಗು. ಸಂಖ್ಯೆ ಏರಿದಷ್ಟೂ ತಗಡು ತೆಳು. 16 ಗೇಜು ಎಂದರೆ ಸುಮಾರು 1.6 ಮಿಲಿಮೀಟರು, 10 ಗೇಜು ಎಂದರೆ 3 ಮಿಲಿಮೀಟರಿಗೆ ತುಸು ಹೆಚ್ಚು. ಹಾಗಾಗಿ ನಾನು ಮಿಲಿಮೀಟರಿನಲ್ಲೇ ಕೇಳಿದೆ: 3 ಮಿಲಿಮೀಟರು. ಚದರಡಿಗೆ ಎರಡು ಕಿಲೋ ಮೀರಿ ತೂಗುತ್ತದೆ. ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ತೋಳನ್ನು ಇದರಲ್ಲಿ ಚಪ್ಪಟೆಯಾಗಿ ಬಿಟ್ಟರೆ ಅಮ್ಮನ ಭಾರಕ್ಕೆ ಬಗ್ಗಿಯೇ ಹೋಗುತ್ತದೆ. ಹಾಗೆಂದು ದಪ್ಪ ಹೆಚ್ಚಿಸಬೇಕಾಗಿಲ್ಲ. ಲಗ್ನಪತ್ರಿಕೆಯ ಒಂದು ತುದಿ ಹಿಡಿದು ನೋಡಿ, ಇನ್ನೊಂದು ತುದಿ ಜೋಲುತ್ತದೆ. ಉದ್ದಕ್ಕೂ ಎರಡು ಅಂಚು ಮಡಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ತೋಳಿನ ಎರಡು ಪಕ್ಕದಲ್ಲೂ ಒಂದೊಂದು ಅಂಗುಲ ಹೆಚ್ಚಿಗೆ ಬಿಟ್ಟು ಕೆಳಕ್ಕೆ ಮಡಿಸಿದರೆ ಅದೇ ತಗಡು ಹತ್ತು ಪಟ್ಟಿಗೂ ಮಿಕ್ಕಿ ಭಾರ ಹೊರುತ್ತದೆ.

ಮಡಿಸುವ ಗೆರೆಯನ್ನು ಸೀಮೆಸುಣ್ಣದಲ್ಲೇ ಎಳೆದೆ. ಮೊಳೆಯಲ್ಲಿ ಗೀರಿದರೆ ಆ ಗೀರೇ ನಾಳೆಯ ಬಿರುಕಿಗೆ ದಾರಿ. ಮಡಿಕೆಯ ಒಳಮೂಲೆಯನ್ನು ಚೂಪಾಗಿಸದೆ, ತಗಡಿನ ದಪ್ಪದಷ್ಟಾದರೂ ದುಂಡಗಿರುವಂತೆ ಬೆಂಡಿಂಗ್ ಮಿಷನ್ನಿನ ಮೇಸ್ತ್ರಿಗೆ ಹೇಳಿದೆ. ಕತ್ತರಿಸಿದ ಅಂಚುಗಳನ್ನು ಅರ ಹಾಕಿ ನಯ ಮಾಡಿದೆ. ಕಪ್ಪು ಬಣ್ಣ ಬಳಿಯಬೇಕೆಂದು ಮೇಸ್ತ್ರಿಯ ಆಸೆ. ನಾನು ಬಿಳಿಯೇ ಇರಲಿ ಎಂದೆ. ಎಲ್ಲಾದರೂ ಬಿರುಕು ಬಿಟ್ಟರೆ ಬಿಳಿಯ ಮೇಲೆ ತುಕ್ಕಿನ ಕೆಂಪೆಳೆ ಮೊದಲ ದಿನವೇ ಕಾಣುತ್ತದೆ.

ಗಾಡಿಯನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಮೊದಲು ನಾನೇ ಹಲಗೆ ಹತ್ತಿ ಕುಣಿದು ನೋಡಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಸಾಕು ಇಳಿಯೋ, ನಾನೇನು ಅದರ ಮೇಲೆ ಕುಣಿಯೋದಿಲ್ಲ" ಎಂದಳು. ಆಮೇಲೆ ಸೆರಗು ಸಿಕ್ಕಿಸಿ, ನನ್ನ ಭುಜ ಹಿಡಿದು ಹತ್ತಿ ಕೂತಳು. ಯಾವ ತಗಡು, ಎಷ್ಟು ದಪ್ಪ ಎಂದು ಅವಳು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಪ್ರತಿ ಹುಣ್ಣಿಮೆಯ ಹಿಂದಿನ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಸುಗೆಯ ಗೆರೆಯುದ್ದಕ್ಕೂ ಕಣ್ಣಾಡಿಸುವುದು ನನ್ನ ಪಾಲಿನ ಪೂಜೆ.