ನಾನು ಹಾಕಿದ ಸಹಿ

ಹೊಸ ಮ್ಯಾನೇಜರ್ ನಮ್ಮ ಕಚೇರಿಗೆ ಬಂದ ಮೊದಲ ವಾರದಲ್ಲೇ ನನ್ನ ಮಗಳ ಹೆಸರು, ಅವಳ ತರಗತಿ, ಚಳಿಗಾಲದಲ್ಲಿ ಅವಳಿಗೆ ಬರುವ ಕೆಮ್ಮು ಎಲ್ಲವನ್ನೂ ತಿಳಿದುಕೊಂಡಿದ್ದರು. ಎರಡನೇ ವಾರ ಕಲಬುರಗಿಯಿಂದ ಬರುವಾಗ ಅವಳಿಗೆಂದು ಒಂದು ಶೀಶೆ ಜೇನುತುಪ್ಪ ತಂದರು. ರಮಝಾನ್ ಬಂದಾಗ ಇಫ್ತಾರಿಗೆಂದು ಖರ್ಜೂರದ ಪೊಟ್ಟಣ ಮನೆಗೇ ಬಂತು. ನನ್ನ ಅಮ್ಮ, “ಇಂಥ ಮನುಷ್ಯನ ಕೈಕೆಳಗೆ ಕೆಲಸ ಮಾಡಲಿಕ್ಕೆ ಪುಣ್ಯ ಮಾಡಿರಬೇಕು” ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಅದು ಮಹಿಳಾ ಸಂಘಗಳಿಗೆ ಸಾಲ ಕೊಡುವ ಒಂದು ಖಾಸಗಿ ಸಂಸ್ಥೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಶಾಖೆಗಳಿದ್ದವು. ನಾನು ಆಳಂದದಲ್ಲಿ ಲೆಕ್ಕ ಬರೆಯುತ್ತಿದ್ದೆ, ಆಮೇಲೆ ಜೇವರ್ಗಿಗೆ ಹಾಕಿದರು. ಸಂಸ್ಥೆಯ ಹೆಸರು ಬೇಡ. ಆ ಮನುಷ್ಯನ ಜಾತಿ ಧರ್ಮವನ್ನೂ ಹೇಳುವುದಿಲ್ಲ. ಹೇಳಿದರೆ ನೀವು ಅಲ್ಲಿಗೇ ನಿಂತುಬಿಡುತ್ತೀರಿ, “ಹೌದು, ಅವರು ಹಾಗೆಯೇ” ಎಂದೋ, “ಛೇ, ನಮ್ಮವನೇ ಹೀಗಾ” ಎಂದೋ. ಅಷ್ಟಕ್ಕೆ ನಿಲ್ಲುವ ಮಾತಲ್ಲ ಇದು.

ನಮ್ಮ ಕಡೆ ‘ಸೈಕೋ’ ಎಂಬ ಪದ ಹಳ್ಳಿಯ ಮಕ್ಕಳ ಬಾಯಿಗೂ ಬಂದದ್ದು ಜೈಶಂಕರ್ ಎಂಬ ಕೊಲೆಗಾರನಿಂದ. ಹೆದ್ದಾರಿಗಳಲ್ಲಿ ಹೆಣ್ಣುಮಕ್ಕಳನ್ನು ಕೊಂದು ತಿರುಗುತ್ತಿದ್ದ ಅವನು 2011ರ ಮೇ ತಿಂಗಳಲ್ಲಿ ಸಿಕ್ಕಿಬಿದ್ದದ್ದು ನಮ್ಮ ನೆರೆಯ ಬಿಜಾಪುರ ಜಿಲ್ಲೆಯಲ್ಲಿ. ಹೊಲದಲ್ಲಿ ಒಬ್ಬಳೇ ಇದ್ದ ಹೆಣ್ಣುಮಗಳು ಕೂಗಿಕೊಂಡಳು, ಮನೆಯವರು ಓಡಿಬಂದು ಹಿಡಿದರು. 2013ರ ಸೆಪ್ಟೆಂಬರಿನಲ್ಲಿ ಪರಪ್ಪನ ಅಗ್ರಹಾರ ಜೈಲಿನ ಗೋಡೆ ಹಾರಿ ಅವನು ತಪ್ಪಿಸಿಕೊಂಡಾಗ ಸಿಕ್ಕುವವರೆಗೂ ಜನ ಬಾಗಿಲಿಗೆ ಎರಡೆರಡು ಚಿಲಕ ಹಾಕಿಕೊಂಡಿದ್ದರು. ಅಂದಿನಿಂದ ಸೈಕೋ ಎಂದರೆ ಕೆದರಿದ ಕೂದಲು, ಕೈಯಲ್ಲಿ ಮಚ್ಚು ಎಂಬ ಚಿತ್ರವೇ ನಮ್ಮ ತಲೆಯಲ್ಲಿ ಕುಳಿತಿದೆ.

ಇನ್ನೊಂದು ತಪ್ಪು ಚಿತ್ರವೂ ಇದೆ. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಮನಸ್ಸಿನ ಕಾಯಿಲೆಯವರನ್ನು ದೂರದೂರದಿಂದ ಕರೆತರುತ್ತಾರೆ. ದರ್ಗಾಗಳ ಅಂಗಳದಲ್ಲೂ ಅಂಥವರನ್ನು ನೀವು ನೋಡಿರುತ್ತೀರಿ. ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ, ಯಾರಿಗೂ ಕೇಡು ಮಾಡದ ಆ ಪಾಪದ ಜೀವಗಳನ್ನು ಕಂಡರೆ ನಾವು ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತೇವೆ. ಇಸ್ತ್ರಿ ಮಾಡಿದ ಅಂಗಿಯವನು ಎದುರಿಗೆ ಬಂದರೆ ಅದೇ ಕೈ ಬಿಟ್ಟು “ಅಂಕಲ್‌ಗೆ ಸಲಾಮ್ ಹೇಳು” ಎನ್ನುತ್ತೇವೆ.

ಸೈಕೋಪತಿ ಎಂದು ವೈದ್ಯರು ಕರೆಯುವುದು ಹುಚ್ಚನ್ನಲ್ಲ. ಅಂಥವನಿಗೆ ಇಲ್ಲದ ದನಿಗಳು ಕೇಳುವುದಿಲ್ಲ. ಯಾವುದು ಸರಿ, ಯಾವುದು ತಪ್ಪು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿರುವುದು ಮನಸ್ಸಿಗೆ ತಾಗುವುದಿಲ್ಲ, ಅಷ್ಟೇ. ಇನ್ನೊಬ್ಬರ ನೋವು ನಾಟುವುದಿಲ್ಲ, ಮಾಡಿದ್ದಕ್ಕೆ ಪಶ್ಚಾತ್ತಾಪ ಹುಟ್ಟುವುದಿಲ್ಲ. ಮಾತು ಮಾತ್ರ ಜೇನು. 1941ರಲ್ಲಿ ಅಮೆರಿಕದ ಹರ್ವಿ ಕ್ಲೆಕ್ಲಿ ಎಂಬ ಮನೋವೈದ್ಯರು ಇಂಥವರ ಬಗ್ಗೆ ಪುಸ್ತಕ ಬರೆದಾಗ ಅದರ ಹೆಸರಿನಲ್ಲೇ ‘ಮುಖವಾಡ’ ಎಂಬ ಪದವಿತ್ತು. ಕೆನಡಾದ ರಾಬರ್ಟ್ ಹೇರ್ ಇದನ್ನು ಅಳೆಯಲು 20 ಅಂಶಗಳ, ಒಟ್ಟು 40 ಅಂಕಗಳ ಪಟ್ಟಿ ಮಾಡಿದರು. ತರಬೇತಿ ಪಡೆದವರು ಮಾತ್ರ, ಆ ವ್ಯಕ್ತಿಯ ಹಿಂದಿನ ದಾಖಲೆಗಳನ್ನೆಲ್ಲ ನೋಡಿ ಅದನ್ನು ಬಳಸಬೇಕು. ಸಮಾಜದಲ್ಲಿ ನೂರಕ್ಕೆ ಒಬ್ಬರು ಹೀಗಿರಬಹುದು ಎಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಜನ ಯಾರನ್ನೂ ಕೊಲ್ಲುವುದಿಲ್ಲ. ಸಂಬಳ ತೆಗೆದುಕೊಂಡು, ಮದುವೆ ಮಾಡಿಕೊಂಡು ನಮ್ಮ ನಡುವೆಯೇ ಇರುತ್ತಾರೆ.

2006ರಲ್ಲಿ ಹೇರ್ ಅವರು ಪಾಲ್ ಬಬಿಯಾಕ್ ಜೊತೆ ಸೇರಿ ಕಚೇರಿಗಳಲ್ಲಿರುವ ಇಂಥವರ ಬಗ್ಗೆಯೇ ಬರೆದರು. ಆತ ಮೊದಲು ಯಾರು ಉಪಯೋಗಕ್ಕೆ ಬರುತ್ತಾರೆ ಎಂದು ತೂಗಿ ನೋಡುತ್ತಾನೆ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕಥೆ ಹೇಳಿ ಅವರು ಪರಸ್ಪರ ಮಾತಾಡದಂತೆ ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಎಸೆಯುತ್ತಾನೆ. ಮಗಳ ಕಾಲೇಜಿನ ಸ್ನೇಹಿತೆಯೊಬ್ಬಳು ಮನಶ್ಶಾಸ್ತ್ರ ಓದುತ್ತಾಳೆ, ಇದನ್ನೆಲ್ಲ ನನಗೆ ಹೇಳಿದ್ದು ಅವಳು. ಕೇಳುತ್ತಿದ್ದಂತೆ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ನಮ್ಮ ಮ್ಯಾನೇಜರ್ ಸೈಕೋಪಾತ್ ಎಂದು ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ, ನಾನು ವೈದ್ಯೆಯಲ್ಲ. ಬಯ್ಯುವ ಗಂಡ, ಸಿಡುಕುವ ಅತ್ತೆ, ಕಟ್ಟುನಿಟ್ಟಿನ ಸಾಹೇಬ ಎಲ್ಲರಿಗೂ ಈ ಹೆಸರಿಡಬೇಡಿ ಎಂದು ನಿಮಗೂ ಹೇಳುತ್ತೇನೆ. ನಡೆದದ್ದನ್ನು ಮಾತ್ರ ಹೇಳುತ್ತಿದ್ದೇನೆ.

2009ರ ಅಕ್ಟೋಬರಿನಲ್ಲಿ ಬಂಟ್ವಾಳದ ಮೋಹನ್ ಕುಮಾರ್ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ತುಂಬಿತ್ತು. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಬಡ ಹೆಣ್ಣುಮಕ್ಕಳನ್ನು ಹುಡುಕಿ, ವರದಕ್ಷಿಣೆಯಿಲ್ಲದೆ ಮದುವೆಯಾಗುತ್ತೇನೆ ಎನ್ನುತ್ತಿದ್ದ. ಒಡವೆ ಹಾಕಿಕೊಂಡು ಬಾ ಎಂದು ದೂರದ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ಉಳಿಯುತ್ತಿದ್ದ. ಮರುದಿನ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಸೈನೈಡ್ ಗುಳಿಗೆ ಕೊಡುತ್ತಿದ್ದ. ಅವರು ಶೌಚಾಲಯದೊಳಗೆ ಹೋಗಿ ನುಂಗಿ ಅಲ್ಲೇ ಸಾಯುತ್ತಿದ್ದರು. ಪೊಲೀಸರು ಗುರುತು ಸಿಗದ ಶವ, ಆತ್ಮಹತ್ಯೆ ಎಂದು ಬರೆದುಕೊಳ್ಳುತ್ತಿದ್ದರು. ಹೀಗೆ 20 ಪ್ರಕರಣಗಳು.

ನಾವು ಮರೆಯಬಾರದ ಒಂದು ವಿಷಯ ಇದರಲ್ಲಿದೆ. ಅವನು ಸಿಕ್ಕುವುದಕ್ಕೆ ಕಾರಣವಾದ ಯುವತಿ 2009ರ ಜೂನ್‌ನಲ್ಲಿ ಕಾಣೆಯಾದಾಗ, ಮುಸ್ಲಿಮ್ ಹುಡುಗನೊಬ್ಬ ಹಾರಿಸಿಕೊಂಡು ಹೋದ ಎಂದು ಸುದ್ದಿ ಹಬ್ಬಿತು. ಜನ ರೊಚ್ಚಿಗೆದ್ದರು, ಪೊಲೀಸ್ ಠಾಣೆಗೆ ಬೆಂಕಿ ಹಚ್ಚುತ್ತೇವೆ ಎನ್ನುವವರೆಗೆ ಹೋಯಿತು. ಆಗ ಕರಾವಳಿಯಲ್ಲಿ ‘ಲವ್ ಜಿಹಾದ್’ ಎಂಬ ಮಾತಿನ ಬಿಸಿ ಏರಿದ್ದ ಕಾಲ. ಆ ಬಿಸಿಯಲ್ಲಿ ಎಷ್ಟು ಮನೆಗಳ ಗಂಡುಮಕ್ಕಳ ಮೇಲೆ ಕಣ್ಣು ಬಿದ್ದಿತ್ತೋ ಅಲ್ಲಾಹನೇ ಬಲ್ಲ. ಕೊನೆಗೆ ಮೊಬೈಲ್ ಕರೆಗಳ ಜಾಡು ಹಿಡಿದು ಹೋದರೆ ಸಿಕ್ಕವನು, ಊರು ನಮಸ್ಕಾರ ಮೇಷ್ಟ್ರೇ ಎನ್ನುತ್ತಿದ್ದವನು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಆ ಯುವತಿಯ ಕೊಲೆಗೆ ಮರಣದಂಡನೆ ಕೊಟ್ಟಿತು. ಹೈಕೋರ್ಟ್ ಮುಂದೆ ಅದನ್ನು ಸಾಯುವವರೆಗಿನ ಜೈಲಾಗಿ ಇಳಿಸಿತು. ಕಾಸರಗೋಡಿನ ಯುವತಿಯೊಬ್ಬಳ ಕೊಲೆಯ 20ನೇ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಅವನ ಬಂಧನದ ಸುದ್ದಿಯನ್ನು ನಮ್ಮ ಕಚೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದು ಯಾರು ಗೊತ್ತೇ? ನಮ್ಮ ಮ್ಯಾನೇಜರೇ. ಓದಿ ಮುಗಿಸಿ ಕನ್ನಡಕ ತೆಗೆದು, “ಹೆಣ್ಣುಮಕ್ಕಳು ಯಾರನ್ನೂ ಬೇಗ ನಂಬಬಾರದು” ಎಂದು ನಮಗೆಲ್ಲ ಬುದ್ಧಿ ಹೇಳಿದರು. ನಾವು ತಲೆಯಾಡಿಸಿದೆವು.

ವಸೂಲಿಗೆ ಹೋಗುವ ಹುಡುಗಿಯೊಬ್ಬಳಿದ್ದಳು. ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರಿನವಳು. ಇಪ್ಪತ್ತೆರಡು ವಯಸ್ಸು, ನಿಕಾಹ್ ಗೊತ್ತಾಗಿತ್ತು. ಬಿಸಿಲಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಕಂತಿನ ಹಣ ತಂದು ನನ್ನ ಮೇಜಿನ ಮೇಲೆ ಎಣಿಸಿ, ನಾನು ನೋಡಿದ ಮೇಲೆ ಒಳಗೆ ಮ್ಯಾನೇಜರ ಕೈಗೆ ಕೊಡುತ್ತಿದ್ದಳು. 2011ರ ಮಾರ್ಚಿನಲ್ಲಿ ವರ್ಷದ ಲೆಕ್ಕ ಮುಗಿಸುವಾಗ 14,600 ರೂಪಾಯಿ ಕಡಿಮೆ ಬಂತು.

ಆತ ನನ್ನನ್ನು ಒಳಗೆ ಕರೆದ. (ಇಷ್ಟು ಹೊತ್ತು ಬಹುವಚನದಲ್ಲಿ ಬರೆದೆ, ಇಲ್ಲಿಂದ ಮುಂದೆ ಪೆನ್ನು ಒಪ್ಪುತ್ತಿಲ್ಲ.) ಬಹಳ ನೊಂದವನಂತೆ ಕುಳಿತಿದ್ದ. “ನೀವು ನನ್ನ ಅಕ್ಕನ ಹಾಗೆ. ಹೇಳಬಾರದು, ಆದರೂ ಹೇಳುತ್ತೇನೆ. ಹಣ ನೀವೇ ತೆಗೆದಿರಬಹುದು ಅಂತ ಆ ಹುಡುಗಿ ಅಂದಳು. ನಾನು ಬಯ್ದು ಕಳಿಸಿದೆ” ಎಂದ. ನನ್ನ ಮೈ ಉರಿಯಿತು. ಆ ದಿನಗಳ ಹಣ ಅವಳಿಂದ ಬಂದಿಲ್ಲ ಎಂದು ಒಂದು ಹಾಳೆಯಲ್ಲಿ ಟೈಪ್ ಮಾಡಿಸಿದ್ದ. ನಾನು ಸಾಕ್ಷಿಯಾಗಿ ಸಹಿ ಹಾಕಿದೆ.

ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. “ಅಕ್ಕಾ, ನಾ ರೊಕ್ಕ ಕಟ್ಟೀನ್ರಿ. ನಿಮ್ ಮುಂದೇ ಎಣಿಸೀನಲ್ರಿ” ಎಂದಳು. ಎಣಿಸಿದ್ದಳು. ನೂರರ ನೋಟುಗಳನ್ನು ಹತ್ತು ಹತ್ತು ಮಾಡಿ ಅಡ್ಡಡ್ಡ ಇಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆ ಕ್ಷಣದಲ್ಲೂ ನೆನಪಿತ್ತು. ನಾನು ರಿಜಿಸ್ಟರ್ ನೋಡುತ್ತಾ ಕುಳಿತೆ. ಅವಳ ತಂದೆ ತೊಗರಿ ಮಾರಿದ ದುಡ್ಡು ತಂದು ಕಟ್ಟಿ ಹೋದರು. ಕೆಲಸ ಹೋಯಿತು. ಕಳ್ಳಿ ಎಂಬ ಸುದ್ದಿ ಗಂಡಿನ ಮನೆಗೆ ಮುಟ್ಟಿ ನಿಕಾಹ್ ಮುರಿಯಿತು. ಆ ಸುದ್ದಿಯನ್ನು ಅಲ್ಲಿಗೆ ಯಾರು ಮುಟ್ಟಿಸಿದರೆಂದು ಆಗ ನಾನು ಯೋಚಿಸಲಿಲ್ಲ.

ಒಂದೂವರೆ ವರ್ಷದ ನಂತರ ನನ್ನ ಸರದಿ ಬಂತು. ಅದೇ ಕೋಣೆ, ಅದೇ ತಗ್ಗಿದ ದನಿ, ಸಹಿ ಮಾತ್ರ ಬೇರೆಯವಳದು. ನಾನು ಅವಳ ಬಗ್ಗೆ ಏನೋ ಅಂದೆನಂತೆ! ಜೊತೆಯಲ್ಲಿ ಬುತ್ತಿ ಉಂಡವಳು ಮುಖ ತಿರುಗಿಸಿದಳು. ನಾನು ರಾಜೀನಾಮೆ ಕೊಟ್ಟು ಬಂದೆ. ಆತನಿಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಬಡ್ತಿ ಸಿಕ್ಕಿ ಬೇರೆ ಜಿಲ್ಲೆಗೆ ಹೋದ. ಬೀಳ್ಕೊಡುಗೆಯಲ್ಲಿ ಅತ್ತನಂತೆ, ಎಲ್ಲರೂ ಅತ್ತರಂತೆ.

ಅವನ ಮೇಲಿನ ಸಿಟ್ಟು ವರ್ಷ ಕಳೆದಂತೆ ಆರಿತು. ಸಹಿ ಆರಲಿಲ್ಲ. ಮಹಾಪಾಪಗಳ ಬಗ್ಗೆ ಹೇಳುತ್ತಾ ಒರಗಿ ಕುಳಿತಿದ್ದ ಪ್ರವಾದಿಯವರು(ಸ) ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಎದ್ದು ಕುಳಿತು, ಇನ್ನು ಸುಮ್ಮನಾದರೆ ಸಾಕು ಎಂದು ಸಹಾಬಿಗಳಿಗೆ ಅನಿಸುವಷ್ಟು ಸಲ ಅದನ್ನೇ ಹೇಳಿದ್ದರು ಎಂಬ ಹದೀಸನ್ನು ಒಂದು ಇಜ್ತಿಮಾದಲ್ಲಿ ಕೇಳಿದೆ. ಸುತ್ತ ಕುಳಿತವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ನಾನು ಮೋಸ ಹೋದವಳು ನಿಜ. ಆದರೆ ನೋಟು ಎಣಿಸಿದ್ದನ್ನು ಕಣ್ಣಾರೆ ಕಂಡವಳೂ ನಾನೇ. ಅಂಥವನಿಗೆ ಒಬ್ಬನಿಂದಲೇ ಏನೂ ಆಗುವುದಿಲ್ಲ, ನನ್ನಂಥ ಮರ್ಯಾದಸ್ಥರ ಒಂದು ಸಹಿ ಬೇಕು.

ಹ. ಉಮರ್(ರ) ಅವರ ಮುಂದೆ ಒಬ್ಬರು ಇನ್ನೊಬ್ಬನ ಸಜ್ಜನಿಕೆಗೆ ಸಾಕ್ಷಿ ಹೇಳಲು ಬಂದರಂತೆ. ನೀನು ಅವನ ನೆರೆಮನೆಯವನೇ, ಅವನ ಜೊತೆ ಪ್ರಯಾಣ ಮಾಡಿದ್ದೀಯಾ, ಹಣದ ವ್ಯವಹಾರ ಮಾಡಿದ್ದೀಯಾ ಎಂದು ಕೇಳಿದರಂತೆ ಖಲೀಫರು. ಮೂರಕ್ಕೂ ಇಲ್ಲ ಎಂದಾಗ, ಹಾಗಾದರೆ ಮಸೀದಿಯಲ್ಲಿ ಅವನು ನಮಾಝ್ ಮಾಡುವುದನ್ನು ನೋಡಿರಬೇಕು, ನಿನಗೆ ಅವನು ಗೊತ್ತಿಲ್ಲ ಎಂದರಂತೆ. ನಾನು ಜೇನುತುಪ್ಪ, ಖರ್ಜೂರ ನೋಡಿದ್ದೆ. ಕಚೇರಿ ಗುಡಿಸುವ ಮುದುಕಿಯನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ಆಕೆಯ ಹೆಸರು ಎರಡು ವರ್ಷದಲ್ಲಿ ಒಮ್ಮೆಯೂ ಆತನ ಬಾಯಲ್ಲಿ ಬಂದಿರಲಿಲ್ಲ. ಸಾಲ ತೆಗೆದುಕೊಂಡಿದ್ದ ಹೆಂಗಸು ತೀರಿಕೊಂಡಾಗ ಆತ ಅವರ ಮನೆಯಲ್ಲಿ ಕಣ್ಣೀರು ಹಾಕಿದ್ದನ್ನು ನಾವು ಕೊಂಡಾಡಿದೆವು. ಹೊರಗೆ ಬರುವಾಗ ಸೊಸೆಯನ್ನು ಬದಿಗೆ ಕರೆದು ಮುಂದಿನ ಕಂತು ಯಾವಾಗ ಎಂದು ಕೇಳಿದ್ದನ್ನೂ ನಾನು ಕಂಡಿದ್ದೆ, ಡ್ಯೂಟಿ ಎಂದರೆ ಡ್ಯೂಟಿ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ರಾತ್ರಿ ಎದ್ದು ಅವನ ಮುಂದೆಯೇ ಅಳಬಹುದು. ದಾಸರ ಹಕ್ಕು ಹಾಗಲ್ಲ, ಆ ಮನುಷ್ಯರ ಬಾಗಿಲಿಗೇ ಹೋಗಬೇಕು. ಕಳೆದ ವರ್ಷ ನಾನು ಅಫಜಲಪುರದ ಬಸ್ಸು ಹತ್ತಿದೆ.

ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಈಗ ಹೊಲಿಗೆ ಮಾಡುತ್ತಾಳೆ. ತಡವಾಗಿ ಮದುವೆಯಾಗಿದೆ, ಒಬ್ಬ ಮಗ. ತಂದೆ ಇಲ್ಲ. ನನ್ನನ್ನು ಗುರುತಿಸಿದಳು, ಒಳಗೆ ಕರೆದು ಚಾಪೆ ಹಾಸಿದಳು. ಬರುವಾಗ ಹೇಳಬೇಕೆಂದುಕೊಂಡಿದ್ದನ್ನೆಲ್ಲ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ಮಾತೂ ಸರಿಯಾಗಿ ಬರಲಿಲ್ಲ. ನಾನೂ ಹಾಗೆಯೇ ಮೋಸ ಹೋದೆ ಎಂದು ಶುರು ಮಾಡಿದೆ. ಅವಳು ತಡೆದು, “ಅದು ಬಿಡ್ರಿ ಅಕ್ಕಾ. ನಾ ಎಣಿಸಿದ್ದು ನೀವು ನೋಡಿದ್ರ್ಯೋ ಇಲ್ಲೋ?” ಎಂದಳು.

“ನೋಡಿದ್ದೆ” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಿಷನ್ನಿನ ಮೇಲಿದ್ದ ಬಟ್ಟೆಯ ದಾರ ಕಿತ್ತಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. “ಅದನ್ನ ಈಗ ಬರೆದು ಕೊಡ್ತೀರೇನ್ರಿ?” ಎಂದಳು.

ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟಳು. 2011ರ ಮಾರ್ಚ್‌ನಲ್ಲಿ ಇಂಥವರು ತಂದ ಹಣವನ್ನು ನನ್ನ ಎದುರಿಗೆ ಎಣಿಸಿದ್ದರು, ಬಂದಿಲ್ಲ ಎಂದು ನಾನು ಹಾಕಿದ ಸಹಿ ಸುಳ್ಳು ಎಂದು ಬರೆದೆ. ಕೆಳಗೆ ಹೆಸರು, ತಾರೀಖು, ಸಹಿ. ಅವಳು ಅಕ್ಷರ ಅಕ್ಷರ ಓದಿದಳು, ನಾಲ್ಕು ಮಡಿಕೆ ಮಾಡಿದಳು. ಟ್ರಂಕ್ ತೆರೆದು ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಸೇರಿಸಿಟ್ಟು, ಚಹಾಕ್ಕೆ ನೀರಿಡಲು ಒಳಗೆ ಹೋದಳು.